ಬೆಳಗಿನ ನಿದ್ದೆ ಮಧ್ಯಾಹ್ನಕ್ಕೆ ಸರಿದ ಬಗೆ: ಒಂದು ಮನೆಯ ಪ್ರಕರಣ

ಮಗು 15 ತಿಂಗಳ ಹುಡುಗಿ. ಮನೆಯವರೆಲ್ಲ ಪುಟ್ಟಿ ಅಂತ ಕರೆಯುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಊರು ಮೈಸೂರು. ಅಪ್ಪನಿಗೆ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಕೆಲಸ. ಅಮ್ಮ ಬ್ಯಾಂಕಿನಲ್ಲಿದ್ದಾರೆ, ಬೆಳಗ್ಗೆ ಒಂಬತ್ತಕ್ಕೆ ಹೊರಟರೆ ಮನೆ ಸೇರುವುದು ಸಂಜೆ ಆರಕ್ಕೆ. ಹಗಲೆಲ್ಲ ಮಗು ಅಜ್ಜಿಯ ಕೈಯಲ್ಲಿ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.

ನಾನು ಮಕ್ಕಳ ಕ್ಲಿನಿಕ್ಕಿನಲ್ಲಿ ಊಟ, ನಿದ್ದೆ, ಹಟ ಇಂಥ ವಿಷಯಗಳ ಬಗ್ಗೆ ಮನೆಯವರ ಜೊತೆ ಕೂತು ಮಾತಾಡುವ ಕೆಲಸ ಮಾಡುತ್ತೇನೆ. ಪುಟ್ಟಿಯ ಅಮ್ಮ ಬಂದವರೇ ಕೇಳಿದ್ದು ಇಷ್ಟು: "ಮೇಡಂ, ನಿದ್ದೆಗೆ ಏನಾದ್ರೂ ಸಿರಪ್ ಬರೆಸಿಕೊಡಿ. ರಾತ್ರಿ ಹನ್ನೊಂದಾದ್ರೂ ಮಲಗಲ್ಲ. ನಂಗೆ ಬೆಳಗ್ಗೆ ಏಳೋಕೇ ಆಗ್ತಿಲ್ಲ." ಜೊತೆಗೆ ಬಂದಿದ್ದ ಅಜ್ಜಿ, "ದೃಷ್ಟಿ ತಾಗಿದೆ ಕಣಮ್ಮ, ನಿವಾಳಿಸಿದ್ದೂ ಆಯ್ತು" ಅಂದರು.

ಸಿರಪ್ಪಿನ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ. ನೆಗಡಿಗೆ ಕೊಡುವ ಔಷಧವನ್ನೇ ಮಗು ಮಲಗಲಿ ಅಂತ ಅರ್ಧ ಮುಚ್ಚಳ ಕುಡಿಸುವ ಮನೆಗಳಿವೆ. ದಯವಿಟ್ಟು ಕುಡಿಸಬೇಡಿ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲ್‌ಎಫ್ರಿನ್ ಎರಡೂ ಸೇರಿದ ನೆಗಡಿ ಔಷಧವನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತ ಲೇಬಲ್ ಮೇಲೆ ಅಚ್ಚು ಹಾಕುವಂತೆ ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲೇ ಹೇಳಿದ್ದಾರೆ. ಈ ವಯಸ್ಸಿನ ಮಗುವಿನ ನಿದ್ದೆ ಬಾಟಲಿಯಿಂದ ಸರಿಹೋಗುವಂಥದ್ದಲ್ಲ.

ಡಾಕ್ಟರು ಮೊದಲು ಮಗುವನ್ನು ಪೂರ್ತಿ ನೋಡಿದರು. ಕಿವಿಯಲ್ಲಿ ಸೋಂಕಿಲ್ಲ, ಗೊರಕೆ ಇಲ್ಲ, ತೂಕ ಸರಿಯಾಗಿ ಏರುತ್ತಿದೆ. ದವಡೆ ಹಲ್ಲು ಮೊಳೆಯುತ್ತಿತ್ತು, ಆದರೆ ಆ ನೋವು ತಿಂಗಳುಗಟ್ಟಲೆ ನಿದ್ದೆ ಕೆಡಿಸುವಷ್ಟು ಇರುವುದಿಲ್ಲ. ರಕ್ತ ಪರೀಕ್ಷೆಯನ್ನೂ ಮಾಡಿಸಿದರು. ಇದು ಸುಮ್ನೆ ಮಾಡಿಸಿದ್ದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 6 ತಿಂಗಳಿಂದ 5 ವರ್ಷದೊಳಗಿನ ನೂರು ಮಕ್ಕಳಲ್ಲಿ 67 ಮಕ್ಕಳಿಗೆ ರಕ್ತಹೀನತೆ ಇದೆ. ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆಯಾದ ಮಕ್ಕಳು ರಾತ್ರಿಯೆಲ್ಲ ಹೊರಳಾಡುವುದುಂಟು. ಪುಟ್ಟಿಯ ರಕ್ತದಲ್ಲಿ ಕೊರತೆ ಇರಲಿಲ್ಲ. ಹಾಗಾಗಿ ಪ್ರಕರಣ ನನ್ನ ಮೇಜಿಗೆ ಬಂತು.

ದಿನ ಹೇಗಿತ್ತು

ಒಂದು ವಾರ ಮಗು ಮಲಗಿದ್ದು, ಎದ್ದಿದ್ದು ಬರೆದಿಡಿ ಅಂತ ಕೇಳಿದೆ. ಅಮ್ಮ ಫೋನಿನಲ್ಲಿ ಆ್ಯಪ್ ಹಾಕಿಕೊಂಡರು, ಎರಡನೇ ದಿನಕ್ಕೆ ಬಿಟ್ಟರು. ಹಗಲಲ್ಲಿ ಅವರು ಮನೆಯಲ್ಲೇ ಇರುವುದಿಲ್ಲವಲ್ಲ. ಬರೆದವರು ಅಜ್ಜಿ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಪೆನ್ಸಿಲಿನಿಂದ ಸಣ್ಣದಾಗಿ "9½ – 11½, ಜೋಲಿ", "2½ ಅಳು", "4¼ – 5½" ಅಂತ ಗುರುತು ಮಾಡಿದ್ದರು. ಆ ಹಾಳೆಯ ಫೋಟೋ ನನಗೆ ಬಂತು. ಇಷ್ಟು ಸ್ಪಷ್ಟವಾದ ನಿದ್ದೆಯ ದಾಖಲೆ ಸಿಗುವುದು ಅಪರೂಪ.

ಹಾಳೆ ಹೇಳಿದ್ದು ಹೀಗೆ. ಬೆಳಗ್ಗೆ ಆರೂವರೆಗೆ ಕುಕ್ಕರ್ ಕೂಗುವ ಹೊತ್ತಿಗೆ ಮಗು ಏಳುತ್ತದೆ. ಒಂಬತ್ತಕ್ಕೆ ಸ್ನಾನ. ಮಂಗಳವಾರ, ಶುಕ್ರವಾರ ಎಣ್ಣೆ ಹಚ್ಚಿ ತಲೆಗೂ ನೀರು. ಸ್ನಾನ ಆದಮೇಲೆ ರಾಗಿ ಸರಿ. ಒಂಬತ್ತೂವರೆಗೆ ಸೀರೆ ಜೋಲಿಗೆ ಹಾಕಿದರೆ ಎರಡು ಗಂಟೆ ಅಲುಗಾಡದ ನಿದ್ದೆ. ಹನ್ನೆರಡೂವರೆಗೆ ಅನ್ನ. ಎರಡೂವರೆಗೆ ಮತ್ತೆ ಜೋಲಿ, ಆದರೆ ಈಗ ಒಂದೂಮುಕ್ಕಾಲು ಗಂಟೆ ಕಾಲ ಎದ್ದು ನಿಲ್ಲುವುದು, ಅಳುವುದು, ನಗುವುದು. ಕೊನೆಗೆ ನಾಲ್ಕೂಕಾಲಿಗೆ ನಿದ್ದೆ, ಐದೂವರೆಗೆ ಏಳುವುದು. ಅಮ್ಮ ಬರುವಾಗ ಮಗು ಆಗಷ್ಟೇ ಎದ್ದು ಹೊಸ ಹುರುಪಿನಲ್ಲಿರುತ್ತದೆ. ರಾತ್ರಿ ಹನ್ನೊಂದರವರೆಗೂ ಅದೇ ಹುರುಪು.

ಕೂಡಿಸಿ ನೋಡಿ. ರಾತ್ರಿ ಏಳೂವರೆ ಗಂಟೆ, ಹಗಲು ಮೂರೂಕಾಲು. ಒಟ್ಟು 10 ಗಂಟೆ 45 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ 1ರಿಂದ 2 ವರ್ಷದ ಮಗುವಿಗೆ ಹಗಲು ರಾತ್ರಿ ಸೇರಿ 11ರಿಂದ 14 ಗಂಟೆ ನಿದ್ದೆ ಬೇಕು ಅಂತ ಇದೆ. ಪುಟ್ಟಿ ಎರಡು ಸಲ ಮಲಗಿಯೂ ಕೆಳಗಿನ ಗೆರೆ ಮುಟ್ಟುತ್ತಿರಲಿಲ್ಲ. ಅವಳ ರಾತ್ರಿಯನ್ನು ತಿನ್ನುತ್ತಿದ್ದದ್ದು ಸಂಜೆಯ ಆ ನಿದ್ದೆ.

ಕಾಲ ಬಂದಿದೆಯಾ?

ಇದನ್ನು ಅವಸರದಲ್ಲಿ ತೀರ್ಮಾನ ಮಾಡಬಾರದು. ಹೆಚ್ಚಿನ ಮಕ್ಕಳು 14ರಿಂದ 18 ತಿಂಗಳ ನಡುವೆ ಎರಡು ನಿದ್ದೆಯಿಂದ ಒಂದಕ್ಕೆ ಬರುತ್ತಾರೆ. ವರ್ಷ ತುಂಬುವ ಹೊತ್ತಿಗೆ, ನಡೆಯಲು ಕಲಿಯುವಾಗ, ಒಂದು ವಾರ ಹತ್ತು ದಿನ ಮಧ್ಯಾಹ್ನ ಮಲಗದೆ ಗಲಾಟೆ ಮಾಡುವುದು ಮಾಮೂಲು. ಅದನ್ನೇ ನೋಡಿ ಒಂದು ನಿದ್ದೆ ಬಿಡಿಸಿದರೆ ಮಗು ಸಂಜೆ ಹೊತ್ತಿಗೆ ಸುಸ್ತಾಗಿ ಕಾರಣವಿಲ್ಲದೆ ಅಳುತ್ತದೆ, ರಾತ್ರಿ ಪದೇ ಪದೇ ಏಳುತ್ತದೆ. ಎರಡು ವಾರ ಕಾದು ನೋಡಿ ಅಂತಲೇ ನಾನು ಎಲ್ಲರಿಗೂ ಹೇಳುವುದು. ಪುಟ್ಟಿಯ ವಿಷಯದಲ್ಲಿ ಆ ಕಾಯುವ ಕಾಲ ದಾಟಿ ಹೋಗಿತ್ತು. ಒಂದು ತಿಂಗಳಿಂದ ದಿನವೂ ಇದೇ ಕತೆ. ಬೆಳಗಿನ ನಿದ್ದೆ ಮುಗಿಸಿ ಸುಮಾರು ಐದು ಗಂಟೆ ಸಲೀಸಾಗಿ ಎಚ್ಚರವಾಗಿರುತ್ತಿದ್ದಳು. ಇನ್ನು ಅನುಮಾನ ಉಳಿಯಲಿಲ್ಲ.

ಹಾಗಾದರೆ ಯಾವ ನಿದ್ದೆ ಬಿಡಿಸಬೇಕು? ಅಜ್ಜಿಯ ಲೆಕ್ಕ ಸರಳವಾಗಿತ್ತು. "ಬೆಳಗ್ಗೆ ಚೆನ್ನಾಗಿ ಮಲಗ್ತಾಳೆ, ಅದಿರ್ಲಿ. ಸಾಯಂಕಾಲದ್ದು ಬಿಟ್ಬಿಡೋಣ." ಕೇಳಲು ಸರಿಯಾಗೇ ಇದೆ, ಅಲ್ವಾ? ಎಷ್ಟೋ ಮನೆಗಳಲ್ಲಿ ಹೀಗೇ ಮಾಡುತ್ತಾರೆ. ಆದರೆ ಹನ್ನೊಂದೂವರೆಗೆ ಎದ್ದ ಮಗು ರಾತ್ರಿ ಎಂಟರವರೆಗೆ ಎಂಟೂವರೆ ಗಂಟೆ ಎಚ್ಚರವಾಗಿರಬೇಕಾಗುತ್ತದೆ. 15 ತಿಂಗಳ ಮಗುವಿಗೆ ಅದು ಆಗದ ಮಾತು.

ಜ್ಯೂರಿಕ್‌ನ ನಿದ್ದೆ ಸಂಶೋಧಕ ಅಲೆಕ್ಸಾಂಡರ್ ಬೋರ್ಬೆಲಿ 1982ರಲ್ಲಿ ಮುಂದಿಟ್ಟ ವಿವರಣೆ ಇಲ್ಲಿ ತುಂಬ ಉಪಯೋಗಕ್ಕೆ ಬರುತ್ತದೆ. ನಿದ್ದೆಯನ್ನು ಎರಡು ಸಂಗತಿ ನಡೆಸುತ್ತವೆ. ಒಂದು, ಎಚ್ಚರವಿದ್ದಷ್ಟು ಹೊತ್ತೂ ಏರುತ್ತಾ ಹೋಗುವ ನಿದ್ದೆಯ ಒತ್ತಡ. ಇನ್ನೊಂದು, ಬೆಳಕು ಕತ್ತಲೆಗೆ ಹೊಂದಿಕೊಂಡ ದೇಹದ ಗಡಿಯಾರ. ಎಳೆ ಕೂಸಿಗೆ ಈ ಒತ್ತಡ ಬೇಗ ಏರುತ್ತದೆ, ಅದಕ್ಕೇ ದಿನಕ್ಕೆ ಮೂರು ನಾಲ್ಕು ಸಲ ನಿದ್ದೆ. ಬೆಳೆಯುತ್ತಾ ಏರಿಕೆ ನಿಧಾನವಾಗುತ್ತದೆ. ಪುಟ್ಟಿಗೆ ಎರಡೂವರೆಗೆ ನಿದ್ದೆ ಬರದಿದ್ದದ್ದು ಹಟದಿಂದಲ್ಲ, ಬೆಳಗ್ಗೆ ಎರಡು ಗಂಟೆ ಮಲಗಿ ಒತ್ತಡವನ್ನು ಆಗಲೇ ಇಳಿಸಿಕೊಂಡಿದ್ದಳು. ಆದ್ದರಿಂದ ಬಿಡಿಸಬೇಕಾದ್ದು ಯಾವುದೂ ಇಲ್ಲ. ಬೆಳಗಿನ ನಿದ್ದೆಯನ್ನು ಮೆಲ್ಲಗೆ ಮಧ್ಯಾಹ್ನಕ್ಕೆ ತಳ್ಳಬೇಕು. ಅದು ಹನ್ನೆರಡರ ಆಚೆ ಹೋದರೆ ಸಂಜೆಯದು ತಾನಾಗಿ ಬೇಡವಾಗುತ್ತದೆ.

ಗಂಟು ಇದ್ದದ್ದು ಬಚ್ಚಲಮನೆಯಲ್ಲಿ

ಇಷ್ಟನ್ನು ಯಾರು ಬೇಕಾದರೂ ಹೇಳಬಹುದು. "ದಿನಕ್ಕೆ ಹದಿನೈದು ನಿಮಿಷ ತಡವಾಗಿ ಮಲಗಿಸಿ" ಅಂತ ಪುಟ್ಟಿಯ ಅಮ್ಮನೂ ಮೊದಲೇ ಓದಿ, ಅತ್ತೆಗೆ ಹೇಳಿ, ಪ್ರಯತ್ನ ಮಾಡಿಸಿದ್ದರು. ಆಗಲಿಲ್ಲ. ಯಾಕೆ ಆಗಲಿಲ್ಲ ಅನ್ನುವುದು ಕ್ಯಾಲೆಂಡರಿನಲ್ಲೇ ಇತ್ತು. ಆ ಮಗು ಗಡಿಯಾರ ನೋಡಿ ಮಲಗುತ್ತಿರಲಿಲ್ಲ, ಸ್ನಾನ ನೋಡಿ ಮಲಗುತ್ತಿತ್ತು. ಬಿಸಿನೀರು, ಹೊಟ್ಟೆ ತುಂಬ ರಾಗಿ ಸರಿ, ಜೋಲಿ. ಎಷ್ಟೋ ತಿಂಗಳಿಂದ ಇದೇ ಸಾಲು. ಒಂಬತ್ತಕ್ಕೆ ನೀರು ಹಾಕಿ ಹತ್ತೂವರೆತನಕ ಎಚ್ಚರವಾಗಿಡುತ್ತೇನೆ ಅಂದರೆ ಅಜ್ಜಿಗೂ ಕಷ್ಟ, ಮಗುವಿಗೂ ಹಿಂಸೆ. ನಮ್ಮ ಕಡೆಯ ಮನೆಗಳಲ್ಲಿ ಬೆಳಗಿನ ನಿದ್ದೆ ಇಷ್ಟು ಗಟ್ಟಿಯಾಗಿ ಕೂರಲು ಈ ಸ್ನಾನವೇ ದೊಡ್ಡ ಕಾರಣ ಅಂತ ನನಗೆ ಅನ್ನಿಸಿದೆ.

ಸ್ನಾನವನ್ನು ಸಂಜೆಗೆ ಹಾಕೋಣವೇ ಅಂತ ಅಮ್ಮ ಕೇಳಿದರು. ಅಜ್ಜಿ ಒಪ್ಪಲಿಲ್ಲ. ಸಂಜೆ ತಲೆಗೆ ನೀರು ಹಾಕಿದರೆ ಶೀತ ಆಗುತ್ತದೆ ಅನ್ನುವುದು ಅವರ ಮಾತು. ಅದನ್ನು ವಾದಕ್ಕೆ ತೆಗೆದುಕೊಳ್ಳುವುದರಲ್ಲಿ ನನಗೆ ಅರ್ಥ ಕಾಣಲಿಲ್ಲ. ಸಾಲು ಮುರಿಯುವುದು ಬೇಡ, ಸಾಲನ್ನೇ ತಡವಾಗಿ ಶುರು ಮಾಡೋಣ ಅಂದೆ. ಸ್ನಾನ, ಊಟ, ನಿದ್ದೆ ಇದೇ ಕ್ರಮದಲ್ಲಿರಲಿ. ಮೂರು ದಿನಕ್ಕೊಮ್ಮೆ ಸ್ನಾನ ಇಪ್ಪತ್ತು ನಿಮಿಷ ತಡವಾಗಲಿ. ಸೋಲಾರ್ ನೀರು ಹನ್ನೊಂದಕ್ಕೂ ಬಿಸಿಯಾಗೇ ಇರುತ್ತದೆ. ಅಜ್ಜಿಗೆ ಇದು ಹಿಡಿಸಿತು.

ಇನ್ನೊಂದು ಗಂಟನ್ನು ಅವರು ಬಾಯಿಬಿಟ್ಟು ಹೇಳಿರಲಿಲ್ಲ, ಕೇಳಿದಾಗ ಹೇಳಿದರು. ಮಗು ಮಲಗುವ ಆ ಎರಡು ಗಂಟೆಯಲ್ಲೇ ಅವರ ಪೂಜೆ, ಸಾರು, ಪಲ್ಯ, ಬಟ್ಟೆ ಎಲ್ಲ. ಅದು ತಪ್ಪಿದರೆ ಮನೆ ನಡೆಯುವುದು ಹೇಗೆ? ಮಗುವಿನ ನಿದ್ದೆಗೆ ಪಟ್ಟಿ ಬರೆದುಕೊಡುವವರು ಇದನ್ನು ಕೇಳುವುದೇ ಇಲ್ಲ, ನನಗೆ ಬೇಸರವಾಗುವುದು ಇಲ್ಲೇ. ಮಗುವನ್ನು ನೋಡಿಕೊಳ್ಳುವ ಕೈಗೆ ಆಗದ ಪಟ್ಟಿ ಎಷ್ಟು ಚೆನ್ನಾಗಿದ್ದರೂ ನಿಲ್ಲುವುದಿಲ್ಲ. ಆ ದಿನ ನಾವು ಮೂವರೂ ಕೂತು ಮಾತಾಡಿದ್ದು ಹೆಚ್ಚಾಗಿ ಅಡುಗೆಮನೆಯ ಬಗ್ಗೆ. ತರಕಾರಿ ಹೆಚ್ಚುವುದು ಹಿಂದಿನ ರಾತ್ರಿ ಅಪ್ಪ ಅಮ್ಮನ ಪಾಲು. ಬೆಳಗ್ಗೆ ತಿಂಡಿ ಜೊತೆಗೇ ಬೇಳೆ, ಅನ್ನ ಕುಕ್ಕರಿನಲ್ಲಿ ಆಗಿಬಿಡಬೇಕು. ಮಧ್ಯಾಹ್ನ ಮಗು ಮಲಗಿದಾಗ ಅಜ್ಜಿಯೂ ಪಕ್ಕದಲ್ಲಿ ಕಾಲು ಚಾಚಬೇಕು. ಈ ಕೊನೆಯದಕ್ಕೆ ಅಜ್ಜಿ ಮೊದಲ ಸಲ ನಕ್ಕರು.

ನಡುವಿನ ವಾರಗಳು

ಮೊದಲ ವಾರ ಏನೂ ತೊಂದರೆ ಇಲ್ಲ. ಸ್ನಾನ ಒಂಬತ್ತೂ ನಲವತ್ತಕ್ಕೆ ಬಂತು, ನಿದ್ದೆ ಹತ್ತರ ಆಚೆ ಸರಿಯಿತು. ರಾಗಿ ಸರಿ ಈಗ ತಡವಾಗುವುದರಿಂದ ಅಲ್ಲಿತನಕ ಹಸಿವು ತಡೆಯದು ಅಂತ ಒಂಬತ್ತಕ್ಕೆ ಬಾಳೆಹಣ್ಣೋ ಅರ್ಧ ಇಡ್ಲಿಯೋ ಕೊಟ್ಟರು. ಇದು ಸಣ್ಣದಾಗಿರಬೇಕು. ಹೊಟ್ಟೆ ತುಂಬಿದರೆ ಕೂತಲ್ಲೇ ತೂಕಡಿಕೆ.

ಕಷ್ಟದ ಹೊತ್ತು ಹತ್ತರಿಂದ ಹನ್ನೊಂದು. ಅಜ್ಜಿ ವಿವರಿಸಿದ ಒಂದು ಬೆಳಗ್ಗೆ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಅವರು ಒಗ್ಗರಣೆ ಹಾಕುತ್ತಿದ್ದಾರೆ. ಪುಟ್ಟಿ ಕೆಳಗೆ ಸ್ಟೀಲ್ ಲೋಟ, ಡಬ್ಬಿ ಮುಚ್ಚಳ ಜೋಡಿಸಿಕೊಂಡು ಕೂತಿದ್ದಾಳೆ. ಕಣ್ಣು ಉಜ್ಜಿಕೊಂಡಳು. ಕಿವಿ ಎಳೆದುಕೊಂಡಳು. ಕೈಯಲ್ಲಿದ್ದ ಲೋಟ ಬಿಟ್ಟು, ಅಜ್ಜಿಯ ಸೀರೆ ನೆರಿಗೆಗೆ ಮುಖ ಒತ್ತಿ ನಿಂತಳು. ಅಜ್ಜಿ ಒಲೆ ಆರಿಸಿ ಅವಳನ್ನು ಎತ್ತಿಕೊಂಡು ಹೊರಗೆ ಬಂದು, ಸಣ್ಣ ಚೊಂಬು ಕೊಟ್ಟು ತುಳಸಿಗೆ ನೀರು ಹಾಕಿಸಿದರು. ಒಂದು ಚೊಂಬು ಗಿಡಕ್ಕೆ, ಎರಡು ಚೊಂಬು ಫ್ರಾಕಿಗೆ. ಮಗು ಎಚ್ಚರವಾಯಿತು, ಸ್ನಾನದ ಹೊತ್ತು ಬಂತು. ನಿದ್ದೆಗಣ್ಣಿನ ಮಗುವಿಗೆ ಹೊರಗಿನ ಬೆಳಕು ಮತ್ತು ನೀರು ಸಿಕ್ಕರೆ ಅರ್ಧ ಗಂಟೆ ಸಲೀಸಾಗಿ ಕಳೆಯುತ್ತದೆ. ಇದನ್ನು ನಾನು ಈಗ ಎಲ್ಲರಿಗೂ ಹೇಳುತ್ತೇನೆ. ಮೊದಲು ಈ ಹೊತ್ತಿಗೆ ಮೊಬೈಲಿನಲ್ಲಿ ಹಾಡು ಹಾಕಿ ಕೂರಿಸುತ್ತಿದ್ದರು. ಎರಡು ವರ್ಷ ತುಂಬದ ಮಗುವಿಗೆ ಪರದೆ ಬೇಡವೇ ಬೇಡ. ಅದೂ ಅಲ್ಲದೆ, ಮೊಬೈಲ್ ನೋಡುತ್ತಾ ಕೂತ ಮಗು ಸುಸ್ತಾಗಿದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ.

ನಿದ್ದೆ ಹತ್ತೂ ಮುಕ್ಕಾಲರಿಂದ ಹನ್ನೆರಡೂಕಾಲು ಅನ್ನುವ ಜಾಗಕ್ಕೆ ಬಂದಾಗ ಮನೆಯವರೆಲ್ಲ ಸೋತರು. ಒಂದೇ ನಿದ್ದೆ ಅನ್ನಲು ಅದು ತೀರ ಬೇಗ, ಮತ್ತೊಂದು ಹಾಕಲು ತೀರ ತಡ. ಐದು ಗಂಟೆಗೆ ಮಗು ಬಿಸ್ಕತ್ತು ಮುರಿದದ್ದಕ್ಕೆ ನೆಲಕ್ಕೆ ಬಿದ್ದು ಅಳುತ್ತಿತ್ತು. "ಮೊದಲೇ ಚೆನ್ನಾಗಿತ್ತು ಮೇಡಂ" ಅಂತ ಅಮ್ಮ ಫೋನ್ ಮಾಡಿದರು. ಈ ಹಂತ ಹೀಗೇ ಇರುತ್ತದೆ, ಇಲ್ಲಿ ಬಿಟ್ಟರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಎರಡು ಆಸರೆ ಕೊಟ್ಟೆವು. ತೀರ ಕೆಟ್ಟ ದಿನ ಮೂರೂಮುಕ್ಕಾಲಿಗೆ ಹೆಗಲ ಮೇಲೆ ಇಪ್ಪತ್ತು ನಿಮಿಷದ ಕೋಳಿನಿದ್ದೆ, ನಾಲ್ಕೂಕಾಲರೊಳಗೆ ಎಬ್ಬಿಸಲೇಬೇಕು. ಮತ್ತೆ ರಾತ್ರಿ ಏಳೂವರೆಗೆ ಹಾಸಿಗೆ.

ಈ ಏಳೂವರೆ ಮಾತಿಗೆ ಅಮ್ಮನ ಕಣ್ಣು ತುಂಬಿತು. "ನಂಗೆ ಮಗು ಸಿಗೋದೇ ಆರರ ಮೇಲೆ. ಒಂದೂವರೆ ಗಂಟೆಯಲ್ಲೇ ಮಲಗಿಸಿಬಿಟ್ರೆ ನಾನ್ ಯಾವಾಗ ನೋಡ್ಲಿ?" ಕೆಲಸಕ್ಕೆ ಹೋಗುವ ತಾಯಂದಿರ ಈ ಮಾತಿಗೆ ಸುಲಭದ ಉತ್ತರ ನನ್ನ ಹತ್ತಿರ ಇಲ್ಲ. ಇದು ಎರಡು ಮೂರು ವಾರಕ್ಕೆ ಮಾತ್ರ, ಮಧ್ಯಾಹ್ನದ ನಿದ್ದೆ ಕೂತಮೇಲೆ ಎಂಟೂವರೆಗೆ ಬಿಡಬಹುದು ಅಂತ ಹೇಳಿದೆ. ಬೆಳಗಿನ ಡಬ್ಬಿ ಕಟ್ಟುವ ಕೆಲಸವನ್ನು ಎರಡನೇ ಶಿಫ್ಟಿನ ವಾರ ಅಪ್ಪ ವಹಿಸಿಕೊಂಡರು. ಬೆಳಗ್ಗೆ ಆರೂವರೆಯಿಂದ ಒಂದು ಗಂಟೆ ಅಮ್ಮ ಮಗಳಿಗೇ ಮೀಸಲಾಯಿತು.

ಅಷ್ಟರಲ್ಲಿ ಮಂಡ್ಯದಲ್ಲಿ ಮದುವೆ. ಬೆಳಗ್ಗೆ ಹತ್ತಕ್ಕೆ ಕಾರು ಹತ್ತಿದ ಮಗು ಶ್ರೀರಂಗಪಟ್ಟಣ ದಾಟುವ ಮೊದಲೇ ಮಲಗಿತು, ಛತ್ರದ ಮುಂದೆ ಎಬ್ಬಿಸಿದರು. ಆಮೇಲೆ ರಾತ್ರಿತನಕ ನಿದ್ದೆ ಇಲ್ಲ. ಮರುದಿನದಿಂದ ನೆಗಡಿ. ನೆಗಡಿ ಇರುವಷ್ಟು ದಿನ ಎಲ್ಲ ನಿಲ್ಲಿಸಿ, ಮಗು ಎಷ್ಟು ಸಲ ಮಲಗುತ್ತದೋ ಮಲಗಲಿ ಅಂದೆ. 16 ತಿಂಗಳು ತುಂಬಿದಾಗ ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು) ಬೂಸ್ಟರ್, ಎಂಆರ್ (ದಡಾರ, ರುಬೆಲ್ಲಾ) ಎರಡನೇ ಡೋಸ್ ಇತ್ತು. ಲಸಿಕೆಯನ್ನು ಇದಕ್ಕಾಗಿ ಮುಂದೆ ಹಾಕುವ ಪ್ರಶ್ನೆಯೇ ಇಲ್ಲ. ಜ್ವರ ಬಂದ ಎರಡು ದಿನವೂ ಹಾಗೇ ಬಿಟ್ಟೆವು. ಆಮೇಲೆ ನಿಂತ ಜಾಗದಿಂದಲೇ ಮುಂದುವರಿಸಿದೆವು.

ನಿದ್ದೆ ಉದ್ದವಾಗಿದ್ದು

ಸ್ನಾನ ಹನ್ನೊಂದೂ ಇಪ್ಪತ್ತಕ್ಕೆ ತಲುಪಿದಾಗ ಹೊಸ ತೊಡಕು. ಹನ್ನೆರಡೂಕಾಲಿಗೆ ಮಲಗಿದ ಮಗು ಐವತ್ತು ನಿಮಿಷಕ್ಕೇ ಎದ್ದು ಕೂರುತ್ತಿತ್ತು. ಈ ವಯಸ್ಸಿನಲ್ಲಿ ನಿದ್ದೆಯ ಒಂದು ಸುತ್ತು ಹೆಚ್ಚುಕಡಿಮೆ ಅಷ್ಟೇ. ಸುತ್ತು ಮುಗಿದಾಗ ಅರೆ ಎಚ್ಚರ ಬರುತ್ತದೆ, ಆಗ ಏನಾದರೂ ಸದ್ದಾದರೆ ಪೂರ್ತಿ ಎಚ್ಚರ. ಬೆಳಗ್ಗೆ ಹತ್ತಕ್ಕೆ ಇಲ್ಲದ ಸದ್ದು ಮಧ್ಯಾಹ್ನ ಒಂದಕ್ಕೆ ಬೇಕಾದಷ್ಟು. ತರಕಾರಿ ಗಾಡಿಯ ಮೈಕು, ಕೊರಿಯರ್‌ನವರ ಬೆಲ್ಲು. ಮೊದಲ ಶಿಫ್ಟಿನ ವಾರ ಎರಡೂಕಾಲಿಗೆ ಅಪ್ಪನ ಬೈಕು. ಬೆಲ್ಲಿನ ಸ್ವಿಚ್ ಆರಿಸಿದರು. ಅಪ್ಪ ಗೇಟಿನ ಹೊರಗೇ ಎಂಜಿನ್ ನಿಲ್ಲಿಸಿ ಬೈಕು ತಳ್ಳಿಕೊಂಡು ಬರಲು ಶುರು ಮಾಡಿದರು. ಕಿಟಕಿಗೆ ದಪ್ಪ ಬೆಡ್‌ಶೀಟ್ ಕಟ್ಟಿದರು, ಫ್ಯಾನಿನ ಸದ್ದು ಸದಾ ಇರುವ ಹಾಗೆ ನೋಡಿಕೊಂಡರು. ಕರೆಂಟ್ ಹೋದ ದಿನ ಬೀಸಣಿಗೆ.

ಎಲ್ಲಕ್ಕಿಂತ ಕೆಲಸ ಮಾಡಿದ್ದು ಅಜ್ಜಿ ಪಕ್ಕದಲ್ಲೇ ಮಲಗಿದ್ದು. ಮಗು ಮಿಸುಕಿದ ಕೂಡಲೇ ಎತ್ತಿಕೊಳ್ಳದೆ, ಕಣ್ಣು ಪೂರ್ತಿ ಬಿಡುವ ಮೊದಲು ಜೋಲಿಯ ಮೇಲೆ ಕೈ ಇಟ್ಟು ಸುಮ್ನೆ ಇದ್ದರೆ ಮತ್ತೆ ನಿದ್ದೆಗೆ ಜಾರುತ್ತಿತ್ತು. ಮೊದಮೊದಲು ಮೂರರಲ್ಲಿ ಒಂದು ದಿನ, ಆಮೇಲೆ ದಿನವೂ.

ಒಟ್ಟು ಒಂದು ತಿಂಗಳ ಮೇಲಾಯಿತು. ಕೊನೆಗೆ ಕ್ಯಾಲೆಂಡರಿನಲ್ಲಿ ಉಳಿದದ್ದು ಇಷ್ಟು: ಬೆಳಗ್ಗೆ 6¾ಕ್ಕೆ ಏಳುವುದು, 12:20ರಿಂದ 2½ರವರೆಗೆ ಮಧ್ಯಾಹ್ನದ ನಿದ್ದೆ, ರಾತ್ರಿ 8½ಕ್ಕೆ ಹಾಸಿಗೆ. ಕೂಡಿಸಿದರೆ 12 ಗಂಟೆ 25 ನಿಮಿಷ. ಒಂದು ನಿದ್ದೆ ಕಡಿಮೆಯಾಗಿ ಒಟ್ಟು ನಿದ್ದೆ ಒಂದೂವರೆ ಗಂಟೆಗೂ ಮೇಲೆ ಜಾಸ್ತಿಯಾಯಿತು. ಹೆಚ್ಚಿದ್ದು ಪೂರ್ತಿ ರಾತ್ರಿಯದು. ಆರರಿಂದ ಎಂಟೂವರೆ ಅಮ್ಮ ಮಗಳದ್ದು. ಆಗಾಗ ಬೆಳಗ್ಗೆ ಐದೂವರೆಗೇ ಎದ್ದು ಕೂರುವ ದಿನ ಈಗಲೂ ಇವೆ. ಅಂಥ ದಿನ ಸ್ನಾನವನ್ನು ಅರ್ಧ ಗಂಟೆ ಮುಂಚೆ ಮಾಡಿಸಿ ಅಂತ ಹೇಳಿದ್ದೇನೆ.

ಉಳಿದಿರುವುದು ಜೋಲಿ. ಎದ್ದು ನಿಲ್ಲುವ ಮಗುವಿಗೆ ಸೀರೆ ಜೋಲಿ ಅಪಾಯವೇ. ನಿದ್ದೆಯ ಹೊತ್ತು ಮತ್ತು ಜಾಗ ಎರಡನ್ನೂ ಒಟ್ಟಿಗೆ ಬದಲಿಸಿದರೆ ಎರಡೂ ಕೆಡುತ್ತವೆ ಅಂತ ಈ ವಾರಗಳಲ್ಲಿ ಅದನ್ನು ನೆಲದಿಂದ ಒಂದು ಗೇಣಿಗೆ ಇಳಿಸಿ, ಕೆಳಗೆ ಹಾಸಿಗೆ ಹಾಕಿ, ಯಾರಾದರೂ ಕೋಣೆಯಲ್ಲಿದ್ದಾಗ ಮಾತ್ರ ಬಳಸುವಂತೆ ಮಾಡಿದ್ದೆವು. ಈಗ ಮಧ್ಯಾಹ್ನದ ನಿದ್ದೆ ಕೂತಿದೆ. ಜೋಲಿಯಲ್ಲಿ ಮಲಗಿಸಿ ಹಾಸಿಗೆಗೆ ಎತ್ತಿ ಹಾಕುವುದನ್ನು ಅಜ್ಜಿ ಕಳೆದ ವಾರ ಶುರು ಮಾಡಿದ್ದಾರೆ. ಹಾಸಿಗೆಯಲ್ಲೇ ನೇರವಾಗಿ ಮಲಗಿಸುವ ಕೆಲಸ ಬರುವ ತಿಂಗಳಿನದು.